ಅಗಿದ ಮುದ್ದೆ, ತಪ್ಪಿದ ಬಸ್ಸು

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಕೋಲಾರದ ಕಡೆಯ ಹುತ್ತೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೆಳಗ್ಗೆ ಎದ್ದರೆ ರಾಗಿಮುದ್ದೆ, ಸೊಪ್ಪಿನ ಸಾರು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗಬೇಕು. ಅದು ನಮ್ಮ ಕಡೆಯ ಎಳೆ ಮಕ್ಕಳಿಗೂ ಬರುತ್ತಿತ್ತು. ನನಗೂ ಬರುತ್ತಿತ್ತು, ಶಾಲೆಯಲ್ಲಿ ಮೇಷ್ಟ್ರು ಜೀರ್ಣಕ್ರಿಯೆಯ ಪಾಠ ಶುರುಮಾಡುವ ತನಕ.

ಅವತ್ತು ಶನಿವಾರ. ಮೇಷ್ಟ್ರು ಕರಿಹಲಗೆಯ ಮೇಲೆ ದೊಡ್ಡದೊಂದು ಬಾಯಿ ಬರೆದರು. ಊಟ ಅರಗುವ ಕೆಲಸ ಬಾಯಲ್ಲೇ ಶುರುವಾಗುತ್ತದೆ, ಹಲ್ಲು ಅರೆಯುತ್ತದೆ, ಜೊಲ್ಲು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ, ಚೆನ್ನಾಗಿ ಅಗಿದರೆ ನಾಲಿಗೆಗೆ ಸಿಹಿ ತಿಳಿಯುತ್ತದೆ ಅಂದರು. ಗಂಟಲು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಮಿಕ್ಕಿದ್ದು ಸೋಮವಾರ.

ನಡುವೆ ಭಾನುವಾರವಿತ್ತು. ಅಪ್ಪ ರೇಷ್ಮೆಗೂಡು ತೆಗೆದುಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೊರಟಿದ್ದರು. ಈ ಸಲ ನನ್ನನ್ನೂ ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುವುದಾಗಿ ಮಾತು ಕೊಟ್ಟಿದ್ದರು. ನಾನು ಅದುವರೆಗೆ ಮಸಾಲೆ ದೋಸೆಯ ವಾಸನೆ ಮಾತ್ರ ಕುಡಿದಿದ್ದವಳು.

ಬೆಳಗ್ಗೆ ತಟ್ಟೆಯ ಮುಂದೆ ಕೂತು ಮೊದಲ ತುತ್ತು ಅಗಿದೆ. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು, ನಾಲಿಗೆ ಅಂಗುಳಕ್ಕೆ ಅಂಟಿತು. ಸಿಹಿ ಎಲ್ಲಿ? ಬರೀ ಸಾರಿನ ಖಾರ. ಹಟಕ್ಕೆ ಇನ್ನೂ ಅಗಿದೆ.

"ಲೇ, ಎಮ್ಮೆ ಥರ ಏನೇ ಮೆಲುಕು ಹಾಕ್ತಿದ್ದೀಯ? ನುಂಗೇ," ಅಂದಳು ಅಕ್ಕ.

"ಮೇಷ್ಟ್ರು ಅಗೀಬೇಕು ಅಂದವ್ರೆ."

"ನಿಮ್ ಮೇಷ್ಟ್ರನ್ನ ಕರಕೊಂಡ್ ಬಾ. ರಾಗಿ ಬೀಸಿದ್ದು ನಾನು, ಕೋಲಲ್ಲಿ ತೊಳಸಿದ್ದು ನಾನು, ಕೈ ಸುಟ್ಕೊಂಡು ನಾದಿದ್ದು ನಾನು. ಇನ್ನು ಅದರಾಗೆ ಅಗಿಯಕ್ಕೆ ಏನೇ ಉಳಿದೈತೆ?"

ಅಪ್ಪ ಗೂಡಿನ ಚೀಲದ ಬಾಯಿ ಕಟ್ಟುತ್ತಾ, "ಬಸ್ಸು ನಿನ್ನ ಹಲ್ಲಿಗೆ ಕಾಯಲ್ಲ ಕಣಮ್ಮ. ಗೂಡಿಂದ ಚಿಟ್ಟೆ ಹೊರಗೆ ಬಂದ್ರೆ ಆಮೇಲೆ ಯಾರೂ ಕೊಳ್ಳಲ್ಲ," ಅಂದರು.

ಬಸ್ಸಿನ ಹಾರನ್ ಕೇಳಿಸಿತು. ಅಪ್ಪ ಚೀಲ ಹೊತ್ತು ನಡೆದರು. ತಟ್ಟೆಯಲ್ಲಿ ಮುದ್ದೆ ಬಿಟ್ಟು ಏಳುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಉಳಿದದ್ದನ್ನೆಲ್ಲ ಬಾಯಿಗೆ ತುಂಬಿಕೊಂಡು ಓಡಿದೆ. ಅಲ್ಲಿ ಕಂಡಕ್ಟರ್, "ಏಮಯ್ಯಾ, ವಸ್ತಾವಾ ಲೇದಾ?" ಅಂತ, ಬರ್ತೀಯೋ ಇಲ್ವೋ ಅಂತ ತೆಲುಗಿನಲ್ಲಿ ಅಪ್ಪನನ್ನು ಗದರುತ್ತಿದ್ದ. ಅಪ್ಪ ಒಂದು ಸಲ ಹಿಂದೆ ತಿರುಗಿ ನೋಡಿ ಹತ್ತಿಬಿಟ್ಟರು. ಓಡಿಬರುತ್ತಿದ್ದ ನಾನು ಆಗ ಬೇವಿನ ಮರದ ಮರೆಯಲ್ಲಿದ್ದೆ, ಅವರಿಗೆ ಕಾಣಲಿಲ್ಲ. "ಅಪ್ಪಾ" ಅಂತ ಕೂಗಬೇಕು, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಬಿಡಿಸಿಕೊಳ್ಳಲಿಲ್ಲ. "ಮ್ಮ್" ಅಂತಷ್ಟೇ ಬಂತು. ಪಕ್ಕದಲ್ಲಿ ಕಟ್ಟಿದ್ದ ಕರು ತಿರುಗಿ ನೋಡಿತು. ಬಸ್ಸು ನೋಡಲಿಲ್ಲ.

ಸಾಯಂಕಾಲ ಅಪ್ಪ ಬಾಳೆಲೆಯಲ್ಲಿ ಸುತ್ತಿದ ದೋಸೆ ತಂದರು. ಆರಿ ತಣ್ಣಗಾಗಿ ಚರ್ಮದ ಹಾಗಿತ್ತು. ಸಿಟ್ಟಿನಲ್ಲೇ ಅದರ ಅಂಚನ್ನು ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ. ಆಗ ನಾಲಿಗೆಯ ಮೇಲೆ ನಿಜವಾಗಲೂ ಸಣ್ಣಗೆ ಸಿಹಿಯಾಯಿತು. ಅಕ್ಕನಿಗೆ ಹೇಳಲಿಲ್ಲ.

ಸೋಮವಾರ ಮೇಷ್ಟ್ರು ಉಳಿದ ಚಿತ್ರ ಬರೆದರು. ಹೊಟ್ಟೆಯ ಚೀಲ ಹುಳಿರಸ ಬಿಟ್ಟು ಊಟವನ್ನು ಕಡೆಯುತ್ತದೆ. ಆಮೇಲೆ ಸಣ್ಣ ಕರುಳು. ಅಲ್ಲಿಗೆ ಮೇದೋಜೀರಕ ಗ್ರಂಥಿಯಿಂದ ಇನ್ನೊಂದು ರಸ ಬಂದು, ಬಾಯಿಯಲ್ಲಿ ಒಡೆಯದೆ ಉಳಿದ ಪಿಷ್ಟವನ್ನೂ ಒಡೆಯುತ್ತದೆ. ಸಾರವೆಲ್ಲ ಕರುಳಿನ ಗೋಡೆಯಿಂದ ರಕ್ತಕ್ಕೆ ಸೇರುತ್ತದೆ. ಮಿಕ್ಕಿದ್ದು ದೊಡ್ಡ ಕರುಳಿನಲ್ಲಿ ನೀರು ಬಿಟ್ಟುಕೊಟ್ಟು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತು. ಅಂದರೆ ನುಂಗಿದ ಮುದ್ದೆಗೆ ಒಳಗೆ ಎಲ್ಲ ಏರ್ಪಾಡೂ ಇತ್ತು.

ನಾನು ಎದ್ದು ನಿಂತೆ. "ಇದನ್ನ ಶನಿವಾರಾನೇ ಹೇಳಬಾರದಾಗಿತ್ತಾ ಸಾರ್?"

ಪಾಠದ ಮೇಲೆ ಆಸೆ ಅಂದುಕೊಂಡು ಅವರು "ಜಾಣೆ" ಅಂದರು.

ಈಗ ನಿಮ್ಮನ್ನು ನೋಡಿದರೆ ನನಗೆ ತಲೆ ಕೆಡುತ್ತದೆ. ಮುದ್ದೆ ಕೊಟ್ಟರೆ ಚಮಚದಲ್ಲಿ ಕೆತ್ತಿ, ಟಿ.ವಿ. ನೋಡುತ್ತಾ ಚೂಯಿಂಗ್ ಗಮ್ ಥರ ಅಗಿಯುತ್ತೀರಿ. ಶಾಲೆಯ ವ್ಯಾನು ಹಾರನ್ ಹೊಡೆದರೆ ಬಿಸಿ ದೋಸೆಯನ್ನು ಮಡಿಸಿ ಗುಳುಂ ಅಂತ ನುಂಗುತ್ತೀರಿ. ಅದು ನುಂಗೋದು, ಇದು ಅಗಿಯೋದು ಅಂತ ದಿನಾ ಕೂಗಿ ನನ್ನ ಗಂಟಲು ಒಣಗಿದೆ. ನಿಮ್ಮ ವ್ಯಾನು ನಾಳೆಯೂ ಬರುತ್ತದೆ, ದೋಸೆಯೂ ಬರುತ್ತದೆ, ಅದಕ್ಕೇ ಈ ಸೊಕ್ಕು. ಆ ಭಾನುವಾರ ಕೋಲಾರದ ಹೋಟೆಲಿನಲ್ಲಿ ಆ ಬಿಸಿ ದೋಸೆ ನನ್ನ ಮುಂದೆ ಬಂದಿದ್ದರೆ, ವಾಪಸ್ ಬರುವ ಬಸ್ಸು ಹೋದರೂ ನಾನು ಒಂದೊಂದು ತುತ್ತನ್ನೂ ಸಿಹಿಯಾಗುವ ತನಕ ಅಗಿಯುತ್ತಿದ್ದೆ.