ಅತ್ತೆ ಒಪ್ಪಿದ ಟೈರು

ಹೋದ ವಾರ ಬೇಲೂರಿನ ಟೈರ್ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು, ನಮ್ಮತ್ತೆ ಕಣ್ಣ ಮುಂದೆ ಬಂದರು... ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದರ ಮೇಲಿನ ಅಂಕಿಗಳನ್ನು ಬೆರಳಲ್ಲಿ ಸವರುತ್ತಾ.

ಅತ್ತೆ ಅಂದರೆ ಅಪ್ಪನ ಅಕ್ಕ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಜಾವಗಲ್ ಹತ್ತಿರ ತೆಂಗಿನ ತೋಟ. ಐವತ್ತು ದಾಟಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಜೋರಾಗಿ ಓಡಲೆಂದೇ ಮಾಡಿದ ಕಾರು. ನೆಲಕ್ಕೆ ತಗ್ಗಿದ ಮೈ, ದೊಡ್ಡ ಬ್ರೇಕು, ಹದಿನೆಂಟು ಇಂಚಿನ ಕಂಪನಿ ರಿಮ್ಮು, ಅದಕ್ಕೆ ಬಳೆ ತೊಡಿಸಿದ ಹಾಗೆ ತೆಳ್ಳನೆಯ ಟೈರು. ಹೆಂಗಸಿಗೆ ಇಂಥದ್ದು ಯಾಕೆ ಎಂದು ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ. ಗಂಡಸು ಕೊಂಡಿದ್ದರೆ ಇದೇ ಜನ ಹಾರ ಹಾಕುತ್ತಿದ್ದರು.

ಟೈರು ಸವೆದಾಗ ನಮ್ಮ ಚಿಕ್ಕಪ್ಪನಿಗೆ ನೆಪ ಸಿಕ್ಕಿತು.

"ಈ ಸೈಜು ಇಲ್ಲಿ ಸಿಗಕಿಲ್ಲ ಕಣಕ್ಕ. ಮಾರಿ ಬಿಸಾಕು ಅತ್ಲಾಗೆ."

"ನನ್ನ ಗಾಡಿ ಮಾರು ಅನ್ನಾಕೆ ನೀನ್ಯಾವನ್ಲಾ?" ಎಂದರು ಅತ್ತೆ.

ಅರಸೀಕೆರೆಯ ಅಂಗಡಿಯವರು ಮೊದಲು ಚಿಕ್ಕ ರಿಮ್ ಹಾಕಲು ಹೋದರು. ಆ ದೊಡ್ಡ ಬ್ರೇಕಿನ ಮೇಲೆ ಅದು ಕೂರಲೇ ಇಲ್ಲ. ಆಮೇಲೆ ಕಂಪನಿ ರಿಮ್ಮಿಗೇ ನಲವತ್ತರ ಬದಲು ನಲವತ್ತೈದರ ಟೈರು ಹಾಕಿದರು. ಅಗಲ ಮೊದಲಿನಷ್ಟೇ, ಆ ಅಂಕಿ ಹೇಳುವ ಪಕ್ಕದ ಗೋಡೆ ಮಾತ್ರ ಎತ್ತರ. ಹಳ್ಳಕ್ಕೆ ಬಿದ್ದರೂ ರಿಮ್ಮಿಗೆ ಪೆಟ್ಟಾಗುವುದಿಲ್ಲ ಎಂದರು. ಅಂಗಡಿ ಮುಂದೆ ಓಡಿಸಿದಾಗ ಬೆಣ್ಣೆಯ ಹಾಗೆ ಹೋಯಿತು.

ಆದರೆ ಓಡಿಸಿ ನೋಡಿದ್ದು ಖಾಲಿ ಕಾರನ್ನು. ನಮ್ಮನೆಯ ಕಾರು ಯಾವತ್ತು ಖಾಲಿ ಓಡಿತ್ತು? ಪ್ರತಿ ಸೋಮವಾರ ಮಠದ ದಾಸೋಹಕ್ಕೆ ತೋಟದಿಂದ ಡಿಕ್ಕಿ ತುಂಬಾ ತೆಂಗಿನಕಾಯಿ ಹೋಗಬೇಕು. ಆ ಸೋಮವಾರ ಕಾಯಿಯ ಭಾರಕ್ಕೆ ಕಾರಿನ ಹಿಂಭಾಗ ಕುಸಿದು, ಪ್ರತಿ ಹಂಪಿನಲ್ಲೂ ಟೈರು ಮೇಲಿನ ಮಡ್‌ಗಾರ್ಡಿಗೆ ಉಜ್ಜಿತು. ಚಿಕ್ಕಪ್ಪನ ಮುಖ ನೋಡಬೇಕಿತ್ತು, ಹಬ್ಬ ಬಂದಷ್ಟು ಖುಷಿ.

ಅತ್ತೆ ಸುಮ್ಮನಾಗುವ ಪೈಕಿಯೇ ಅಲ್ಲ. ಬೇರೆ ಟೈರು ತರಿಸಲು ಹೇಳಿ, ಅವು ಬಂದ ದಿನ ಡಿಕ್ಕಿ ತುಂಬಾ ಕಾಯಿ ಹೇರಿಕೊಂಡು, ನನ್ನನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡು ಅಂಗಡಿಗೆ ಹೋದರು.

"ಕಾಯಿ ಇಳಿಸಿಬಿಡಾಣ ಅಕ್ಕಾ, ಜಾಕ್ ಏಳಕಿಲ್ಲ" ಎಂದು ಅಂಗಡಿಯವನು ಗೋಗರೆದ.

"ಏಳ್ತದೆ ಏಳು. ನಾನು ಓಡ್ಸೋದು ಹಿಂಗೇ, ನೀನು ಹಾಕೋದೂ ಹಿಂಗೇ."

ಈ ಟೈರಿನ ಅಗಲ ಇನ್ನೂರ ಮೂವತ್ತೈದು ಮಿಲಿಮೀಟರ್, ಕಂಪನಿ ಟೈರಿಗಿಂತ ಒಂದು ಚೂರು ಹೆಚ್ಚು. ಗೋಡೆಯ ಅಂಕಿ ಮಾತ್ರ ಮೊದಲಿನ ನಲವತ್ತೇ. ಅತ್ತೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರು, ಹಂಪು ಹತ್ತಿಸಿದರು, ಇಳಿಸಿದರು. ನಾನು ಕಿವಿಗೊಟ್ಟು ಕೂತಿದ್ದೆ. ಎಲ್ಲೂ ಉಜ್ಜಲಿಲ್ಲ. ವಾಪಸ್ಸು ಬರುವಾಗ ಚಿಕ್ಕಪ್ಪನ ಮನೆ ಮುಂದೆ ನಿಲ್ಲಿಸಿ, ಅವರು ಹೊರಗೆ ಬರುವ ತನಕ ಹಾರನ್ ಒತ್ತುವುದನ್ನು ಬಿಡಲೇ ಇಲ್ಲ... ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಳೆದ ವರ್ಷ ಅತ್ತೆ ತೀರಿಕೊಂಡರು. ಆಸ್ಪತ್ರೆಗೆ ಹೊರಡುವಾಗ ಕಾರಿನ ಕೀ ನನ್ನ ಕೈಗಿಟ್ಟು, "ಯಾರೇನೇ ಅಂದ್ರೂ ಮಾರಬ್ಯಾಡ ಕಣೇ" ಎಂದಿದ್ದರು. ಈಗ ಆ ಟೈರುಗಳೂ ಬೋಳಾಗಿವೆ. ನಾನು ಬೇಲೂರಿನ ಅಂಗಡಿಗೆ ಹೊರಟ ದಿನ ಬೆಳಿಗ್ಗೆಯೇ ಚಿಕ್ಕಪ್ಪ ಫೋನ್ ಮಾಡಿ, "ಅಕ್ಕನೇ ಹೋದ್ಮೇಲೆ ಆ ಗಾಡಿ ಯಾಕವ್ವ?" ಎಂದರು. ಅಕ್ಕ ಹೋದರು ಸರಿ, ಅವರ ಮಾತೂ ಹೋಗಬೇಕಾ? ಫೋನ್ ಕಟ್ ಮಾಡಿದೆ.

ಬೇಲೂರಿನ ಅಂಗಡಿಯವನೂ ಅದೇ ರಾಗ ಎಳೆದ. "ಈ ಸೈಜು ಬರೋದು ಲೇಟ್ ಆಗುತ್ತೆ ಮೇಡಂ, ಇರೋದನ್ನೇ ಹಾಕ್ಸಿ. ಗಾಡಿ ಯಾರದು?"

"ನಮ್ಮತ್ತೇದು."

"ಹಂಗಾದ್ರೆ ಅವರನ್ನೇ ಒಂದ್ಸಲ ಕೇಳ್ಬಿಡಿ."

ಕೇಳುವ ಹಾಗಿದ್ದಿದ್ದರೆ...

"ಅವರಿಲ್ಲ" ಎಂದೆ. "ಎಷ್ಟು ದಿನ ಆದ್ರೂ ಆಗ್ಲಿ, ಇದೇ ಸೈಜು ತರಿಸಿ. ಅಲ್ಲೀವರೆಗೂ ಗಾಡಿ ಇಲ್ಲೇ ನಿಂತಿರ್ಲಿ."

ಬಸ್ ಸ್ಟ್ಯಾಂಡಿನವರೆಗೂ ಅಳುತ್ತಲೇ ನಡೆದೆ. ನೋಡಿದವರು ನೋಡಲಿ. ಕಾರು ಮಾತ್ರ ಮಾರುವುದಿಲ್ಲ.