ಹುಬ್ಬುಗಳ ನಡುವಿನ ಗೆರೆ

ಮೊದಲು ಕಂಡುಹಿಡಿದವಳು ಮಗಳು. ನಾನು ಚಪಾತಿ ಲಟ್ಟಿಸುತ್ತಿದ್ದೆ.

"ಅಮ್ಮಾ, ಯಾಕೆ ಗುಸ್ಸಾ?"

"ಯಾರಿಗೆ ಕೋಪ? ನಾನು ಸುಮ್ಮನೆ ನಿಂತಿದ್ದೇನಲ್ಲ."

"ಫೇಸ್ ನೋಡ್ಕೋ. ಚಪಾತಿ ಮೇಲೇ ಗುಸ್ಸಾ. ಬೇಚಾರಿ ಚಪಾತಿ!"

ಒಂಬತ್ತನೇ ತರಗತಿಯ ಹುಡುಗಿ. ನಗುತ್ತಾ ಟ್ಯೂಷನ್ನಿಗೆ ಹೊರಟುಹೋದಳು. ನಾನು ಹಿಟ್ಟಿನ ಕೈಯಲ್ಲೇ ಕನ್ನಡಿಯ ಮುಂದೆ ನಿಂತು ಹುಬ್ಬುಗಳನ್ನು ಸಡಿಲ ಬಿಟ್ಟೆ. ಗೆರೆ ಹೋಗಲಿಲ್ಲ. ಉಗುರಿನಿಂದ ಒತ್ತಿದ ಹಾಗೆ ನೆಟ್ಟಗೆ ನಿಂತಿತ್ತು. ಒಂದು ಕಂಡ ಮೇಲೆ ಉಳಿದವೂ ಕಾಣತೊಡಗಿದವು. ಕಣ್ಣಿನ ಕಾಡಿಗೆ ಕೆಳಗಿನ ಸಣ್ಣ ಸುಕ್ಕಿಗೆ ಇಳಿಯುತ್ತಿತ್ತು. ಕೆನ್ನೆಯ ಮೇಲಿನ ದಿಂಬಿನ ಗುರುತು ಎದ್ದಕೂಡಲೇ ಮಾಯವಾಗುತ್ತಿದ್ದದ್ದು, ಈಗ ಮೆಟ್ರೋ ಹತ್ತುವವರೆಗೂ ಜೊತೆಗೆ ಬರುತ್ತಿತ್ತು.

ಗೆರೆಯನ್ನು ಕಂಪನಿಯಲ್ಲಿ ಬಿದ್ದ ಬೆಂಕಿಯ ಲೆಕ್ಕಕ್ಕೆ ಹಾಕಿದೆ.

ದೆಹಲಿಯ ಓಖ್ಲಾದ ಒಂದು ಗಾರ್ಮೆಂಟ್ ಕಂಪನಿಯಲ್ಲಿ ನನಗೆ ಕೆಲಸ. ಈ ಬೇಸಿಗೆಯ ಒಂದು ಮಧ್ಯಾಹ್ನ ಚಹಾಕ್ಕೆಂದು ಕೆಳಗಿಳಿದು ಎದುರಿನ ಅಂಗಡಿಯ ಮುಂದೆ ನಿಂತಿದ್ದಾಗ, ನಮ್ಮದೇ ಕಟ್ಟಡದ ಎರಡನೇ ಮಹಡಿಯಿಂದ ಕಪ್ಪು ಹೊಗೆ ಬಂತು. ಹೊಲಿಗೆ ವಿಭಾಗದ ಹೆಂಗಸೊಬ್ಬಳು ಕಿಟಕಿಯ ಅಂಚಿನ ಮೇಲೆ ಕುಳಿತು ಕಾಲು ಹೊರಗೆ ಹಾಕಿದಳು. "ಕೂದ್‌ನಾ ಮತ್! ಕೂದ್‌ನಾ ಮತ್!" ಎಂದು ರಸ್ತೆಯೆಲ್ಲ ಕೂಗಿತು. ನಾನೂ ಹಾರಬೇಡ ಎಂದು ಕೂಗಿದೆ. ಏಣಿ ಬಂತು, ಅವಳನ್ನು ಇಳಿಸಿದರು, ಉಳಿದವರೂ ಬದುಕಿ ಹೊರಬಂದರು. ಆದರೆ ಈಗಲೂ ಬಸ್ಸಿನಲ್ಲಿ, ಸ್ನಾನ ಮಾಡುವಾಗ, ಅವಳ ಚಪ್ಪಲಿಯಿಲ್ಲದ ಪಾದಗಳು ಗಾಳಿಯಲ್ಲಿ ನೆಲ ಹುಡುಕುವುದು ಕಾಣುತ್ತದೆ. ಒಮ್ಮೊಮ್ಮೆ ಆ ಅಂಚಿನ ಮೇಲೆ ನಾನೇ ಕುಳಿತಿರುತ್ತೇನೆ. ಚಹಾ ಬೇಡವೆನಿಸಿದ್ದರೆ ನಾನೂ ಒಳಗೇ ಇರುತ್ತಿದ್ದೆ.

ಇದನ್ನು ಗಂಡನಿಗೆ ಹೇಳಿರಲಿಲ್ಲ. ಅವರು ಸೈನ್ಯದಲ್ಲಿದ್ದಾರೆ, ಕುಟುಂಬವನ್ನು ಕರೆದೊಯ್ಯಲಾಗದ ಗಡಿಯಲ್ಲಿ. ನಾನೂ ಮಗಳೂ ದೆಹಲಿ ಕಂಟೋನ್ಮೆಂಟಿನ ಕ್ವಾರ್ಟರ್ಸ್‌ನಲ್ಲಿದ್ದೇವೆ. ಗಡಿಯಲ್ಲಿ ಇರುವವರಿಗೆ ಫೋನಿನಲ್ಲಿ ಕೆಟ್ಟ ಸುದ್ದಿ ಹೇಳಬಾರದು ಎಂಬುದು ಇಲ್ಲಿನ ಹೆಂಗಸರ ಅಲಿಖಿತ ನಿಯಮ. ಮಗುವಿಗೆ ಡೆಂಗ್ಯೂ ಆದಾಗಲೂ ಪಕ್ಕದ ಮನೆಯವಳು ಮುಖ ತೊಳೆದು, ಲಿಪ್‌ಸ್ಟಿಕ್ ಹಚ್ಚಿಕೊಂಡು, "ಸಬ್ ಬಢಿಯಾ", ಎಲ್ಲ ಚೆನ್ನಾಗಿದೆ, ಎಂದಿದ್ದಳು. ನಾನೂ ಹಾಗೆಯೇ. ಅತ್ತ ಕಡೆಯಿಂದ ಅವರೂ ಹಾಗೆಯೇ ಇದ್ದಿರಬೇಕು.

ಆ ವಾರ ಅವರು ಒಂದು ಪ್ರಶ್ನೆ ಕೇಳಿದ್ದರು. "ಇನ್ನೆರಡು ವರ್ಷ ಸರ್ವಿಸ್ ಎಕ್ಸ್‌ಟೆನ್ಷನ್ ಸಿಗ್ತದೆ. ಭಾನುವಾರದ ಒಳಗೆ ಹೇಳ್ಬೇಕಂತೆ. ನೀನು ಎಂಥ ಹೇಳ್ತಿ?"

"ನಿಮ್ಮ ಇಷ್ಟ," ಎಂದಿದ್ದೆ. ಹದಿನೇಳು ವರ್ಷಗಳಿಂದ ನನ್ನ ಬಾಯಿಗೆ ರೂಢಿಯಾದ ಉತ್ತರ.

ಶನಿವಾರ ಮಧ್ಯಾಹ್ನ ಅವರ ಮುಖ ನೋಡಬೇಕೆನಿಸಿ ಫೋನ್ ತೆರೆದೆ. ಅಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ವಿಡಿಯೋ ಕಾಲ್ ಕಡಿದುಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡುವುದು ನನ್ನ ಅಭ್ಯಾಸ. ಒಂದೂವರೆ ವರ್ಷದ ಮುಖಗಳು ಸಾಲಾಗಿ ಇದ್ದವು. ಎಲ್ಲವೂ ಅರ್ಧ ಮಸುಕು. ಒಂದರಲ್ಲಿ ನಗು ಶುರುವಾಗುತ್ತಿದೆ, ಇನ್ನೊಂದರಲ್ಲಿ ಕಣ್ಣು ಮುಚ್ಚಿದೆ. ಕೆನ್ನೆ ಇಳಿದಿರುವುದು, ಕಿವಿಯ ಬಳಿ ಬಿಳಿ ಬಂದಿರುವುದು ಆ ಮಸುಕಿನಲ್ಲೂ ತಿಳಿಯುತ್ತಿತ್ತು.

ಪ್ರತಿ ಚಿತ್ರದ ಮೂಲೆಯಲ್ಲೂ ಅಂಚೆಚೀಟಿಯಷ್ಟು ನಾನು ಇದ್ದೆ. ಅಷ್ಟು ದಿನ ಆ ಮೂಲೆಯನ್ನು ನೋಡಿಯೇ ಇರಲಿಲ್ಲ. ಈಗ ದೊಡ್ಡದು ಮಾಡಿದೆ. ಮುಖವನ್ನು ಫೋನಿಗೆ ತಾಗುವಷ್ಟು ಹತ್ತಿರ ತಂದು, ಹುಬ್ಬು ಬಿಗಿದು, ಅವರನ್ನು ಹುಡುಕುತ್ತಿದ್ದೆ. ಚಳಿಗಾಲದಲ್ಲಿ, ಹೋಳಿಯಲ್ಲಿ, ಎಲ್ಲದರಲ್ಲೂ ಹಾಗೆಯೇ. ಬೆಂಕಿಗಿಂತ ಎಷ್ಟೋ ತಿಂಗಳು ಮೊದಲೇ ಗೆರೆ ಅಲ್ಲಿತ್ತು. ಕಾಣದ ಮುಖವನ್ನು ಕಾಣಲು ಪ್ರಯತ್ನಿಸಿ, ಪ್ರಯತ್ನಿಸಿ ಮೂಡಿದ್ದು.

ಸಂಜೆ ಅವರ ಕಾಲ್ ಬಂತು.

"ಊಟ ಆಯ್ತಾ?"

"ಆರು ಗಂಟೆಗೆ ಎಂಥ ಊಟ ರೀ? ಕೇಳಿ. ಎಕ್ಸ್‌ಟೆನ್ಷನ್ ಬೇಡ. ಬಂದುಬಿಡಿ."

ಚಿತ್ರ ನಿಂತಿತೇನೋ ಎಂದುಕೊಂಡೆ. ನಿಂತಿರಲಿಲ್ಲ, ಅವರೇ ಅಲುಗಾಡದೆ ಕುಳಿತಿದ್ದರು.

"ಎಂಥ ಆಯ್ತು ಮಾರಾಯ್ತಿ?"

ಬೆಂಕಿಯ ಕಥೆ ಹೇಳಿದೆ. ಆ ಪಾದಗಳನ್ನೂ ಹೇಳಿದೆ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದರು ಕೊನೆಗೆ.

"ನೀವು ಹೇಳಿದ್ದೀರಾ? ಅಲ್ಲಿ ಒಂದು ದಿನವೂ ಏನೂ ಆಗಿಲ್ಲವಾ?"

ಅವರು ಮುಖದ ಮೇಲೆ ಕೈಯಾಡಿಸಿಕೊಂಡು ಕ್ಯಾಮೆರಾದ ಹತ್ತಿರ ಬಂದರು. "ನೋಡು, ಮುದುಕ ಆಗಿದ್ದೇನೆ. ಬಂದ್ಮೇಲೆ ದಿನಾ ಇದನ್ನೇ ನೋಡ್ಬೇಕು. ಆಮೇಲೆ ವಾಪಸ್ ಕಳಿಸ್ಲಿಕ್ಕಾಗ್ಲಿಕ್ಕಿಲ್ಲ."

"ನೋಡ್ತೇನೆ."

"ಸರಿ. ಬೇಡ ಅಂತ ಹೇಳ್ತೇನೆ."

ಕಾಲ್ ಕಡಿಯಿತು. ಅವರು ಸೇವೆಯಿಂದ ಬಿಡುಗಡೆಯಾಗಿ ಬರುವುದು ಮುಂದಿನ ಬೇಸಿಗೆಗೆ. ಅಷ್ಟರೊಳಗೆ ಅವರ ಮುಖದಲ್ಲೂ ನನ್ನ ಮುಖದಲ್ಲೂ ಇನ್ನೇನೇನು ಮೂಡುತ್ತದೋ, ಪಕ್ಕದಲ್ಲಿ ಕುಳಿತು ನೋಡಲು ಇಬ್ಬರಿಗೂ ಆಗುವುದಿಲ್ಲ.