ಮೆಸೇಜಿನ ಕೆಳಗಿನ ಹೆಸರು

ಸಾಜಿಯಾಳನ್ನು ಸರಕಿನ ಹಾಗೆ ತೂಗಿ ನೋಡಿದರೆ ಹೀಗೆ: ಮೇಲಿನ ಕಟ್ಟು ಸಾದಾ, ಒಳಗಿನ ಮಾಲು ಗಟ್ಟಿ, ಚೌಕಾಸಿಗೆ ಜಾಗವಿಲ್ಲ. ಅಮೀನಗಡದ ನನ್ನ ಕಿರಾಣಿ ಅಂಗಡಿಗೆ ಬಂದಳೆಂದರೆ ಒಣಕೊಬ್ಬರಿಯನ್ನು ಮೂಗಿಗೆ ಹಿಡಿಯುತ್ತಾಳೆ. ಉಂಡಿಗೆ ಹಾಕುವ ಅಂಟಿನ ಹರಳೊಂದನ್ನು ಹಲ್ಲಲ್ಲಿ ಕಡಿದು ನನ್ನ ಮುಖ ನೋಡುತ್ತಾಳೆ.

"ಅಣ್ಣಾರ, ಇದು ಹೋದ ವರ್ಷದ್ದು."

"ಏ ತಂಗಿ, ಚೀಲ ನಿನ್ನೆ ಬಂದೈತಿ!"

"ಚೀಲ ನಿನ್ನೆ ಬಂದಿರಬೇಕ್ರಿ. ಅಂಟು ಹೋದ ವರ್ಷದ್ದ."

ಆ ಚೀಲವನ್ನು ನಾನು ಹಲ್ಲು ಗಟ್ಟಿ ಇಲ್ಲದ ಗಿರಾಕಿಗಳಿಗೆಂದು ಒಳಗಿಡುತ್ತೇನೆ.

ನಮ್ಮೂರಲ್ಲಿ ಬಸ್ಸು ನಿಲ್ಲುವಲ್ಲೆಲ್ಲ ಕರದಂಟಿನ ಅಂಗಡಿಗಳು, ಒಂದಕ್ಕಿಂತ ಒಂದು ದೊಡ್ಡ ಬೋರ್ಡು. ಸಾಜಿಯಾಗೆ ಬೋರ್ಡಿಲ್ಲ. ಮನೆಯ ಹಿತ್ತಲಲ್ಲಿ ಒಲೆ ಹೂಡಿ ಬಾಣಂತಿಯರಿಗೆ ಅಂಟಿನ ಉಂಡಿ ಕಟ್ಟುತ್ತಾಳೆ. ಹುನಗುಂದ, ಕಮತಗಿ ಕಡೆಯಿಂದಲೂ ಹೆಂಗಸರು ತಲೆ ತುಂಬ ಸೆರಗು ಹೊದ್ದು ಬಂದು, ಸಣ್ಣ ದನಿಯಲ್ಲಿ ಕೇಳಿ, ನಂಬರು ಕೊಟ್ಟು ಹೋಗುತ್ತಾರೆ. ಬಸಿರು ನಿಂತದ್ದನ್ನು ಐದು ತಿಂಗಳು ತುಂಬುವ ತನಕ ಹೊರಗೆ ಆಡುವುದು ನಮ್ಮ ಕಡೆ ಇಲ್ಲ. ದೃಷ್ಟಿ ತಾಗೀತೆಂಬ ಭಯ. ಆದರೂ ಸಾಜಿಯಾಗೆ ಹೇಳುತ್ತಾರೆ, ಅವಳ ಬಾಯಿಂದ ಹೊರಗೆ ಬೀಳುವುದಿಲ್ಲವೆಂದು. ಅವಳ ವ್ಯಾಪಾರದಲ್ಲಿ ಅರ್ಧ ಉಂಡಿಯದು, ಅರ್ಧ ಬಾಯಿ ಮುಚ್ಚಿಕೊಂಡಿರುವುದರದು. ಈ ಎರಡನೆಯ ಅರ್ಧ ನನ್ನ ವ್ಯಾಪಾರಿ ಬುದ್ಧಿಗೆ ಹೊಳೆಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವಳ ಉಂಡಿ ಅಷ್ಟಾಗಿ ಹೋಗುತ್ತಿರಲಿಲ್ಲ. ಬಿಟ್ಟಿ ಉಪದೇಶಕ್ಕೆ ನಾನು ಯಾವತ್ತೂ ತಯಾರು.

"ಮೆಸೇಜ್ ಹಾಕು, ತಂಗಿ. ವಾಟ್ಸಾಪ್ ಬ್ಯಾಡ, ಸಾದಾ ಮೆಸೇಜ್. ಬಟನ್ ಫೋನಿಗೂ ಮುಟ್ಟತೈತಿ."

"ಬ್ಯಾಡ್ರಿ ಅಣ್ಣಾರ. ಹೆಣ್ಮಕ್ಕಳ ಮಾತು. ಫೋನು ಆ ಹೊತ್ತಿನ್ಯಾಗ ಯಾರ ಕೈಯಾಗ ಇರತೈತೋ."

"ನೀ ಹಿಂಗ ಒಳಗ ಕುಂತ್ರ ಉಂಡಿ ತಾವ ನಡಕೋತ ಗಿರಾಕಿ ಮನಿಗೆ ಹೋಗ್ತಾವೇನು?"

ಅವಳ ಫೋನು ಇಸಿದುಕೊಂಡು ನಾನೇ ಬರೆದೆ. ಹೆಸರು ಕಂಡರೆ ಗಿರಾಕಿ ಕರಗುತ್ತಾನೆಂದು ಒಬ್ಬೊಬ್ಬರಿಗೂ ಹೆಸರು ಬದಲಿಸಿ ಕಳಿಸಿದೆ: "ಮಹಾದೇವಿ ಅಕ್ಕಾ, ನಿಮ್ಮ ಬಾಣಂತನಕ್ಕೆ ಅಂಟಿನ ಉಂಡಿ ಈಗಲೇ ಹೇಳಿಡಿ. ನಿಮ್ಮ ಸಾಜಿಯಾ, ಅಮೀನಗಡ." ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಅವಳ ಡಬ್ಬಿಯಿಂದ ಒಂದು ಉಂಡಿಯನ್ನೂ ತಿಂದೆ.

ಮಹಾದೇವಿ ಬೇವೂರಿನ ಸೊಸೆ. ಹಿಂದೆ ಎರಡು ಸಲ ಸುದ್ದಿ ಹೇಳಿದ್ದಳು, ಎರಡು ಸಲವೂ ಬಸಿರು ಉಳಿದಿರಲಿಲ್ಲ. ಈ ಸಲ ಗಂಡನನ್ನು ಬಿಟ್ಟರೆ ಅತ್ತೆಗೂ ಹೇಳಿರಲಿಲ್ಲ. ಅವಳು ಕೊಟ್ಟಿದ್ದ ನಂಬರು ಮನೆಗೆಲ್ಲ ಒಂದೇ ಆದ ಫೋನಿನದು. ಅವತ್ತು ಅದು ಮೈದುನ ಹಣಮೇಶನ ಕಿಸೆಯಲ್ಲಿತ್ತು, ಹಣಮೇಶ ಹಿಟ್ಟಿನ ಗಿರಣಿಯಲ್ಲಿದ್ದ. ಪಾಪ, ಖುಷಿಗೆ ಎಲ್ಲರೆದುರು ಜೋರಾಗಿ ಓದಿಬಿಟ್ಟ. ಅತ್ತೆ ಸಿದ್ದಲಿಂಗವ್ವ ಹೊಲದಿಂದ ಮನೆ ಮುಟ್ಟುವುದರೊಳಗೆ ಓಣಿಯವರೆಲ್ಲ ಕೇಳಿಯಾಗಿತ್ತು. ಗೊತ್ತಿಲ್ಲದವಳು ಅವಳೊಬ್ಬಳೇ.

ಮರುದಿನ ಸಾಜಿಯಾ ನನ್ನ ಅಂಗಡಿಯಲ್ಲಿ ಬೆಲ್ಲ ತೂಗಿಸುತ್ತಿದ್ದಾಗ ಫೋನು ಬಂತು. ಸಿದ್ದಲಿಂಗವ್ವನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಯಾಕವಾ, ನಮ್ಮ ಮನಿ ಬಸಿರು ನಿನಗ ಸಂತಿ ಮಾಲ ಆತೇನು?"

ಸಾಜಿಯಾ ಬೆಲ್ಲವನ್ನು ತಕ್ಕಡಿಯಲ್ಲೇ ಬಿಟ್ಟಳು. "ಅಣ್ಣಾರ, ಬೇವೂರಿಗೆ ಬಸ್ಸು ಯಾವಾಗ ಐತ್ರಿ?" ಅಂದಳು. ನಾನೂ ಬಾಗಿಲು ಎಳೆದು ಹೊರಟೆ.

ಸಿದ್ದಲಿಂಗವ್ವ ಇಬ್ಬರಿಗೂ ಚಾಪೆ ಹಾಸಿದಳು, ಚಹಾ ಕೊಟ್ಟಳು. ಬೈಗುಳ ಮಾತ್ರ ಒಬ್ಬಳಿಗೇ.

"ಸೊಸಿ ನನಗ ಹೇಳಲಿಲ್ಲ, ಉಂಡಿಯಾಕಿಗೆ ಹೇಳ್ಯಾಳ. ಗಿರಣ್ಯಾಗ ಜನ ನನ್ನ ನೋಡಿ ನಕ್ರು. ಈ ಮನ್ಯಾಗ ನಾ ಏನು ಹೊರಗಿನಾಕಿ?"

"ತಪ್ಪಾತ್ರಿ, ಯವ್ವಾ," ಅಂದಳು ಸಾಜಿಯಾ. ನನ್ನ ಹೆಸರು ಎತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಯಕ್ಕಾ, ಬರದಾಂವ ನಾ. ಆಕಿ ಬ್ಯಾಡ ಅಂದಿದ್ಲು."

ಸಿದ್ದಲಿಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗ್ಯಾರು ಹೇಳಿದ್ರು ಸಾವಕಾರ್ರ, ಬಸಿರಿನ ಗುಟ್ಟು? ನಮ್ಮಾಕಿ ಹೇಳಿದ್ದು ಇಕಿಗೆ. ಕೆಳಗ ಹೆಸರೂ ಇಕಿದ ಐತಿ. ನೀವು ಚಾ ಕುಡೀರಿ, ಆರತೈತಿ."

ನನ್ನ ತಪ್ಪೊಪ್ಪಿಗೆಗೆ ಅಲ್ಲಿ ಕವಡೆ ಬೆಲೆ ಹುಟ್ಟಲಿಲ್ಲ. ತಲೆ ತಗ್ಗಿಸಿ ಚಹಾ ಕುಡಿದೆ. ಸಾಜಿಯಾಳ ಕಪ್ಪು ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

ಹೊರಡುವಾಗ ಮಹಾದೇವಿ ಬಾಗಿಲಿಗೆ ಬಂದಳು. ಅತ್ತು ಮುಖ ಬಾತಿತ್ತು.

"ಸಾಜಿಯಾಕ್ಕಾ, ನಿಮಗೊಬ್ಬರಿಗೆ ಹೇಳಿದ್ದೆ."

ಬಸ್ಸಿನಲ್ಲಿ ನಗಿಸಲು ಏನೋ ಅಂದೆ. ಸಾಜಿಯಾ ಕಿಟಕಿಯ ಕಡೆ ತಿರುಗಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಮಹಾದೇವಿಗೆ ಈಗ ಆರು ತಿಂಗಳು ತುಂಬಿದೆ, ಆರಾಮ ಇದ್ದಾಳಂತೆ. ಅತ್ತೆ-ಸೊಸೆ ಮಾತಾಡುತ್ತಾರಂತೆ. ಬಾಣಂತನದ ಉಂಡಿಗೆ ಮಾತ್ರ ಇಳಕಲ್ಲಿನಲ್ಲಿ ಯಾರಿಗೋ ಹೇಳಿದ್ದಾರೆ. ಸಾಜಿಯಾಳ ಹಿತ್ತಲಿಗೆ ಸೆರಗು ಹೊದ್ದು ಬರುವವರು ಕಡಿಮೆಯಾದರು. ಬಂದವರೂ ನಂಬರು ಕೊಡುವುದಿಲ್ಲ. ನನ್ನ ಅಂಗಡಿಗೆ ಬಂದ ಹೆಂಗಸರಿಗೆಲ್ಲ ಆ ಮೆಸೇಜು ನನ್ನ ಕೆಲಸವೆಂದು ಹೇಳುತ್ತೇನೆ. ತನ್ನ ಗಿರಾಕಿ ಸಾಜಿಯಾಳನ್ನು ಉಳಿಸಿಕೊಳ್ಳಲು ವ್ಯಾಪಾರಿ ಆಡುವ ಮಾತೆಂದು ನಕ್ಕು ಬೆಲ್ಲ ಕಟ್ಟಿಸಿಕೊಂಡು ಹೋಗುತ್ತಾರೆ.

ಸಾಜಿಯಾ ಈಗಲೂ ನನ್ನಲ್ಲಿಗೇ ಬರುತ್ತಾಳೆ. ಅಂಟನ್ನು ಹಲ್ಲಲ್ಲಿ ಕಡಿದು ನೋಡುವುದಿಲ್ಲ, ಕೊಟ್ಟದ್ದನ್ನು ಕಟ್ಟಿಸಿಕೊಂಡು ಹೋಗುತ್ತಾಳೆ. ಅವಳಿಗೆಂದು ಹೊಸ ಚೀಲವನ್ನೇ ಬಿಚ್ಚುತ್ತೇನೆ, ಅದನ್ನೂ ಅವಳು ನೋಡುವುದಿಲ್ಲ.

ಸಾಜಿಯಾಗೆ ನಾನು ಅವಳ ಹೆಸರನ್ನು ತಿರುಗಿ ಕೊಡಬೇಕಾಗಿದೆ. ಇನ್ನೂ ಕೊಟ್ಟಿಲ್ಲ.